ಬಿಲ್ಲಿಲ್ಲದ ದೋಣಿ

"ಒಳದಾರಿ ಹಿಡಿ ಅಂದ್ರ ಹಿಡೀವಲ್ಲಿ. ಡಾಂಬರ್ ರಸ್ತಾದ ಮ್ಯಾಲ ಏನ್ ಮೆರವಣಿಗಿ ಹೊಂಟೀವೇನ್ಲೇ?"

ಭೀಮಾಬಾಯಿ ಗಾಡಿಯ ಕಿಟಕಿಯಿಂದ ತಲೆ ಹೊರಗೆ ಹಾಕಿ ಮತ್ತೆ ಹಿಂದೆ ನೋಡಿದಳು. ತಾಡಪತ್ರಿಯಡಿ ಹೊಸ ದೋಣಿ ಇತ್ತು. ಅದಕ್ಕೆ ಖರೀದಿಯ ಬಿಲ್ಲು ಇರಲಿಲ್ಲ.

"ಒಳದಾರ್‍ಯಾಗ ಕೆಸರೈತಿ ಅವ್ವಾ. ಗಾಡಿ ಸಿಕ್ಕೊಂತೈತಿ," ಎಂದ ಮಗ ಬಸವಂತ. ಕಾಗವಾಡದ ದ್ರಾಕ್ಷಿ, ರಾಯಬಾಗದ ಕಾಯಿಪಲ್ಲೆ ಹೇರಿಕೊಂಡು ವರ್ಷವಿಡೀ ತಿರುಗುವವನು. ಅವನಿಗೆ ಗೊತ್ತಿಲ್ಲದ ದಾರಿಯೇ ಇರಲಿಲ್ಲ. ಇವತ್ತು ಮಾತ್ರ ಎತ್ತಿನ ಬಂಡಿಯ ಹಾಗೆ ಓಡಿಸುತ್ತಿದ್ದ. ಗಡಿ ದಾಟಿದ ಮೇಲೆ ಚಹಾಕ್ಕೆಂದು ಬೇರೆ ನಿಲ್ಲಿಸಿದ್ದ.

ಬಿಲ್ಲು ಬೇಕಾದರೆ ತೆರಿಗೆ ಸೇರುತ್ತದೆ ಬಾಯೀ, ಎಂದಿದ್ದ ಸಾಂಗಲಿ ಕಡೆಯ ದೋಣಿ ಕಾರ್ಖಾನೆಯವನು. ಎರಡು ಎಮ್ಮೆ ಮಾರಿ ಬಂದವಳು ಬೇಡ ಎಂದಳು. ಹುಟ್ಟುಗೋಲಿನ ವಿಷಯದಲ್ಲಿ ಮಾತ್ರ ಬಿಡಲಿಲ್ಲ. ತಾನೇ ದೋಣಿಯೊಳಗೆ ಕೂತು ಬೀಸಿ ನೋಡಿದಳು, ಭಾರವಾಯಿತೆಂದು ತಿರುಗಿಸಿ ಕೊಟ್ಟಳು, ಕೊನೆಗೆ ಹಗುರಾದ ಜೋಡಿ ಆರಿಸಿದಳು. ಮಗನ ತೋಳು ನೋಯಬಾರದೆಂದು ಎಷ್ಟು ಕಾಳಜಿ, ಎಂದು ಕಾರ್ಖಾನೆಯವನು ನಕ್ಕ. ಮಗ ಹೊರಗೆ ಗಾಡಿಗೆ ಒರಗಿ ಫೋನಿನಲ್ಲಿ ಮಾತಾಡುತ್ತಿದ್ದ.

ಗಂಡ ಇದ್ದಾಗ ಊರಿನ ಘಟ್ಟದಲ್ಲಿ ಜನರನ್ನು ಕೃಷ್ಣೆ ದಾಟಿಸುತ್ತಿದ್ದುದು ಅವರದೇ ಮನೆಯ ದೋಣಿ. ಅವನು ತೀರಿಕೊಂಡ ಮೇಲೆ ಘಟ್ಟಕ್ಕೆ ಉಳಿದದ್ದು ಬಾಳೇಶನ ದೋಣಿ ಒಂದೇ. ಮನಸ್ಸು ಬಂದರೆ ದಾಟಿಸುತ್ತಿದ್ದ, ಇಲ್ಲದಿದ್ದರೆ ಹೊಲಕ್ಕೆ ಹೋಗುವ ಹೆಂಗಸರು ದಂಡೆಯ ಮೇಲೆ ಬಿಸಿಲಲ್ಲಿ ಕಾಯಬೇಕಿತ್ತು. ಅದನ್ನು ನೋಡಿ ನೋಡಿ ಭೀಮಾಬಾಯಿಗೆ ಹೊಟ್ಟೆ ಉರಿಯುತ್ತಿತ್ತು. ಮನೆಗೊಂದು ದೋಣಿ ಬೇಕು ಎಂದಷ್ಟೇ ಹೇಳಿದ್ದಳು. ಬಸವಂತ ಇನ್ನು ಅಂಬಿಗನಾದ ಎಂದು ಉಳಿದದ್ದನ್ನು ಊರೇ ಹೇಳಿತು. ಈಗ ಈ ದೋಣಿ ಹೋಯಿತೆಂದರೆ ಎಮ್ಮೆಯೂ ಇಲ್ಲ, ಘಟ್ಟವೂ ಇಲ್ಲ.

ಮಂಗಸೂಳಿ ದಾಟುವಷ್ಟರಲ್ಲಿ ಜೀಪು ಅಡ್ಡ ಬಂತು. ತೆರಿಗೆ ಸಾಹೇಬರು ಮುಂದಿನ ಎರಡು ಲಾರಿಗಳನ್ನು ಕಣ್ಣೆತ್ತಿಯೂ ನೋಡದೆ ನೆಟ್ಟಗೆ ಇತ್ತ ಬಂದರು. ತಾಡಪತ್ರಿ ಎತ್ತಲೂ ಇಲ್ಲ.

"ದೋಣಿ ಹೌದಲ್ರಿ? ಬಿಲ್ ತೋರಸ್ರಿ."

"ಬಾಳೇಶ!" ಭೀಮಾಬಾಯಿ ಹಲ್ಲು ಕಡಿದಳು. "ಅವನ ಇವ್ರಿಗೆ ಫೋನ್ ಹಚ್ಚಿ ಹೇಳ್ಯಾನ, ಹಾಳಾಗಿ ಹೋಗ್ಲಿ!"

"ಬಿಲ್ ಇಲ್ಲಂದ್ರ ಜಪ್ತಿ ಮಾಡಬೇಕಾಗ್ತದ," ಎಂದರು ಸಾಹೇಬರು.

"ಆತ್ರಿ ಸರ್, ತಗೊಂಡ್ ಹೋಗ್ರಿ," ಎಂದ ಬಸವಂತ. "ಕಾಯ್ದೆ ಅಂದ್ರ ಕಾಯ್ದೆ."

ಇಷ್ಟು ಸಭ್ಯ ಮಾತು ಭೀಮಾಬಾಯಿ ಮಗನ ಬಾಯಿಂದ ಜನ್ಮದಲ್ಲಿ ಕೇಳಿರಲಿಲ್ಲ. ಅವನನ್ನು ಪಕ್ಕಕ್ಕೆ ತಳ್ಳಿ ಕೆಳಗಿಳಿದಳು. "ಬ್ಯಾರೆ ಹಾದಿ ಇಲ್ಲೇನ್ರಿ ಸಾಹೇಬ್ರ?"

"ತೆರಿಗಿ, ದಂಡ ಎರಡೂ ಕಟ್ಟಿದ್ರ ಬಿಡ್ತೀವ್ರಿ. ಮೋಜಿನ ದೋಣಿಯೋ, ಜನ ದಾಟಸೂದೋ? ದರ ಬ್ಯಾರೆ ಬ್ಯಾರೆ ಅದಾವು."

"ಕೃಷ್ಣಾ ಹೊಳ್ಯಾಗ ಮೋಜು ಯಾರ ಮಾಡ್ತಾರ್ರಿ? ಹೊಲಕ್ಕ ಹೋಗೂ ಹೆಣ್ಣಮಕ್ಕಳ ದೋಣಿ ಇದು."

ಸಾಹೇಬರು ನಕ್ಕು ಕಡಿಮೆ ದರ ಹಿಡಿದರು, ಮಂಗಸೂಳಿಯ ಕಂಪ್ಯೂಟರ್ ಅಂಗಡಿಯಲ್ಲೇ ಕಟ್ಟಬಹುದು ಎಂದರು. ದೋಣಿಗೆ ಮಷಿನ್ ಕೂಡಿಸಲೆಂದು ಇಟ್ಟುಕೊಂಡಿದ್ದ ಹಣವನ್ನು ಭೀಮಾಬಾಯಿ ಸೊಂಟದ ಸಂಚಿಯಿಂದ ಬಿಚ್ಚಿ ಬಸವಂತನ ಕೈಗೆ ತುರುಕಿದಳು. "ಹೋಗು, ಕಂಪ್ಯೂಟರ್ ಅಂಗಡ್ಯಾಗ ಕಟ್ಟಿ ಬಾ."

ಅವನು ಹೋದ. ಎಷ್ಟೋ ಹೊತ್ತಿಗೆ ಬಂದ. ಮುಖದಲ್ಲಿ ರಕ್ತವೇ ಇರಲಿಲ್ಲ. ಕೈಯಲ್ಲಿ ರಸೀದಿ ಇತ್ತು. ಸಾಹೇಬರು ಅದನ್ನು ನೋಡಿ ಗಾಡಿ ಬಿಟ್ಟರು.

"ಇನ್ನ ಯಾವ ಅಪ್ಪನೂ ನಮ್ಮ ದೋಣಿ ತಡ್ಯಾಕ ಆಗೂದಿಲ್ಲ," ಭೀಮಾಬಾಯಿ ಸೀಟಿನಲ್ಲಿ ಕುಣಿಯುವುದೊಂದು ಬಾಕಿ. "ಊರು ಮುಟ್ಟಿದ ಕೂಡಲೇ ಬಾಳೇಶನ ಬಾಗಿಲದಾಗ ನಿಂತು ಉಗೀತೀನಿ. ಅವನ ಹೆಂಡ್ತಿ ಮಕ್ಕಳೂ ಕೇಳ್ಲಿ."

ಬಸವಂತ ಗಾಡಿಯನ್ನು ಕಬ್ಬಿನ ಹೊಲದ ಪಕ್ಕ ನಿಲ್ಲಿಸಿದ.

"ಬಾಳೇಶ ಅಲ್ಲವ್ವಾ. ಸಾಹೇಬ್ರಿಗೆ ಫೋನ್ ಮಾಡಿದಾಂವ ನಾನ."

ಭೀಮಾಬಾಯಿ ಸೀಟಿನಲ್ಲಿ ಅವನತ್ತ ಪೂರ್ತಿ ತಿರುಗಿದಳು.

"ನನಗ ಹೊಳಿ ಅಂದ್ರ ಅಂಜಿಕಿ. ಸಣ್ಣಾಂವ ಇದ್ದಾಗಿಂದ. ನೀರು ಕಂಡ್ರ ಕೈಕಾಲು ನಡಗ್ತಾವು. ಅಂಬಿಗರ ಮಗ ನೀರಿಗೆ ಅಂಜತಾನಂದ್ರ ಮಂದಿ ನಗೂದಿಲ್ಲೇನು? ಅಪ್ಪನ ಮುಂದ ಹೇಳಲಿಲ್ಲ, ನಿನ್ನ ಮುಂದೂ ಹೇಳಲಿಲ್ಲ. ದೋಣಿ ಜಪ್ತಿ ಆದ್ರ ನಾ ಉಳದೆ ಅಂದಕೊಂಡೆ. ರೊಕ್ಕಾ ಕಟ್ಟಿದ್ರ ಬಿಡ್ತಾರಂತ ಗೊತ್ತಿರಲಿಲ್ಲ. ನಿನ್ನ ಎಮ್ಮಿ... ಮಷಿನ್ ರೊಕ್ಕಾ... ತಪ್ಪಾತವ್ವಾ." ಸ್ಟೀರಿಂಗಿಗೆ ಹಣೆ ಹಚ್ಚಿ ಬಿಕ್ಕಿ ಬಿಕ್ಕಿ ಅತ್ತ. ಅಷ್ಟು ದೊಡ್ಡ ಗಂಡಸು.

ಭೀಮಾಬಾಯಿ ಅವನ ತಲೆಗೊಂದು ಮೊಟಕಿದಳು. ಆಮೇಲೆ ಅದೇ ಕೈಯಿಂದ ನೇವರಿಸಿದಳು.

"ಹುಚ್ಚ ಖೋಡಿ, ನಿನ್ನ ಯಾರ ಕರದಾರ? ದೋಣಿ ನಡಸಾಕಿ ನಾನ."