ಗಾಜಿನ ಪಕ್ಕದ ಮೇಜು

ಮೊದಲ ತುತ್ತಿಗೇ ಅವಳು ಅಗಿಯುವುದನ್ನು ನಿಲ್ಲಿಸಿದಳು. ಹುರಿದ ಮೀನಿನ ಮೇಲೆ ಕೆಂಪು ಸಾಸನ್ನು ಧಾರಾಳವಾಗಿ ಸುರಿದಿದ್ದರು. ಆದರೂ ಅದರಡಿಯಿಂದ ಹೂವಿನ ಕುಂಡದಲ್ಲಿ ಕೊಳೆತ ನೀರಿನಂಥ ವಾಸನೆ ಎದ್ದು ಬರುತ್ತಿತ್ತು. ತುತ್ತನ್ನು ಒಂದು ಕೆನ್ನೆಗೆ ಸರಿಸಿ, ಕರವಸ್ತ್ರಕ್ಕೆ ಕೈ ಹಾಕಿದಳು.

"ನುಂಗ್ಬಿಡು," ಎಂದ ಗಂಡ, ಮುಖದ ಮೇಲಿನ ನಗು ಕದಲದಂತೆ. "ಜನ ನೋಡ್ತಿದ್ದಾರೆ."

ನೋಡುತ್ತಿದ್ದುದು ನಿಜ. ಬೀದಿಗೆ ತೆರೆದ ಗಾಜಿನ ಗೋಡೆಗೆ ಅಂಟಿಕೊಂಡಿದ್ದ ಮೇಜು ಅದು. ಆಚೆ ಜನ ಸಾಲುಗಟ್ಟಿ ನಿಂತು ಒಳಗಿನ ತಟ್ಟೆಗಳನ್ನು ಕಣ್ಣಲ್ಲೇ ತಿನ್ನುತ್ತಿದ್ದರು. ನಗರಕ್ಕೆಲ್ಲ ಹೆಸರಾದ ಹೋಟೆಲು. ಬಾಗಿಲ ಮೇಲೆ, ಒಂದು ಮಹಡಿಯೆತ್ತರದ ಬೋರ್ಡಿನಲ್ಲಿ, ಕೂದಲು ಎತ್ತಿ ಕಟ್ಟಿ, ಸೌಟು ಹಿಡಿದ ಹೆಂಗಸೊಬ್ಬಳು ಬಾಯ್ತುಂಬ ನಗುತ್ತಿದ್ದಳು. ಕೆಳಗೆ ದಪ್ಪಕ್ಷರದಲ್ಲಿ: 'ನನ್ನ ಮಕ್ಕಳಿಗೆ ಬಡಿಸುವುದನ್ನೇ ನಿಮಗೂ ಬಡಿಸುತ್ತೇನೆ.' ಅದೇ ಚಿತ್ರ, ಅದೇ ಮಾತು ಮೆನು ಕಾರ್ಡಿನ ಮೇಲೂ.

ಪ್ರತಿ ಶನಿವಾರ ಇದೇ ಕಥೆ. ಇದೇ ಮೇಜು, ಬೀದಿಗೆ ಮುಖಮಾಡಿದ ಇದೇ ಕುರ್ಚಿ. ಕೂದಲು ಎತ್ತಿ ಕಟ್ಟಿರಬೇಕು; ಅದು ಗಂಡನ ಕಟ್ಟಪ್ಪಣೆ. ಏನು ಬೇಕೆಂದು ಮಾಣಿ ಕೇಳುವುದೇ ಇಲ್ಲ. ಹೆಬ್ಬೆರಳು ಸೂಪಿನಲ್ಲಿ ಅದ್ದಿಕೊಂಡೇ ಬಟ್ಟಲು ತಂದಿಟ್ಟು, ಅವಳ ಮುಖ ನೋಡದೆ ಹೋಗಿಬಿಡುತ್ತಾನೆ.

ಗಂಡ ಬರೀ ಬ್ರೆಡ್ಡು ಮುರಿಯುತ್ತಿದ್ದ. ಅತ್ತೆಯ ಮುಂದಿನ ಮೀನು ಹಾಗೇ ಕೂತಿತ್ತು. "ಈ ವಯಸ್ಸಲ್ಲಿ ನಂಗೆ ಇದೆಲ್ಲ ಒಗ್ಗಲ್ಲಪ್ಪ," ಎಂದು ಅವರು ಬಿಸಿನೀರು ಗುಟುಕರಿಸುತ್ತಿದ್ದರು.

ಒಂದು ಕಾಲಕ್ಕೆ ಕಿವಿರು ಎತ್ತಿ ನೋಡದೆ ಮೀನನ್ನು ಒಲೆಯ ಮೇಲಿಟ್ಟವಳೇ ಅಲ್ಲ ಅವಳು. ಮನೆಯಲ್ಲಿ ಈಗಲೂ ಅಷ್ಟೆ. ಹೊರಡುವ ಮುಂಚೆ ತನ್ನಿಬ್ಬರು ಮಕ್ಕಳಿಗೆ ಬಿಸಿಬಿಸಿಯಾಗಿ ಬೇಯಿಸಿ, ಮುಚ್ಚಿಟ್ಟು ಬಂದಿದ್ದಳು. ಅವರನ್ನು ಇಲ್ಲಿಗೆ ಕರೆತಂದವಳಲ್ಲ.

ತುತ್ತು ಕೆನ್ನೆಯಲ್ಲೇ ನೀರೊಡೆಯುತ್ತಿತ್ತು.

"ಏನಮ್ಮಾ, ಇನ್ನೂ ಬಾಯಲ್ಲೇ ಇಟ್ಕೊಂಡಿದ್ದೀಯ?" ಅತ್ತೆ ಲೋಟದ ಮರೆಯಿಂದ ಪಿಸುಗುಟ್ಟಿದರು. "ಇಲ್ಲಿ ಉಗುಳಿದ್ರೆ ಮನೆತನದ ಮಾನಾನೂ ಹೋಗುತ್ತೆ, ವ್ಯಾಪಾರಾನೂ ಹೋಗುತ್ತೆ. ನಗು ಸ್ವಲ್ಪ."

ನಕ್ಕಳು. ಸಾಸು ಗಂಟಲಿಗಿಳಿದು ಕಣ್ಣಲ್ಲಿ ನೀರು ಬಂತು.

ಪಕ್ಕದ ಮೇಜಿಗೆ ಆಗಷ್ಟೇ ಒಬ್ಬ ಬಸುರಿ ಬಂದು ಕೂತಿದ್ದಳು. ಜೊತೆಗೆ ಐದಾರು ವರ್ಷದ ಮಗಳು. ಆ ಪುಟ್ಟಿ ಮೆನು ಕಾರ್ಡು ಹಿಡಿದುಕೊಂಡು ಇವಳನ್ನೇ ದಿಟ್ಟಿಸುತ್ತಿತ್ತು.

"ಹಾಗೆಲ್ಲ ದಿಟ್ಟಿಸ್ಬಾರ್ದು ಕಂದಾ," ಎಂದು ಗದರಿದ ತಾಯಿ ಇವಳತ್ತ ತಿರುಗಿದಳು. "ಅಕ್ಕಾ, ನಾವು ಮೊದಲ್ನೇ ಸಲ ಬಂದಿರೋದು. ಇಲ್ಲಿ ಏನು ಚೆನ್ನಾಗಿರುತ್ತೆ?"

ಬಾಯಿ ತುಂಬಿದವಳು ಏನು ಹೇಳಿಯಾಳು? ಮೇಜಿನ ಕೆಳಗೆ ಅತ್ತೆಯ ಚಪ್ಪಲಿ ಅವಳ ಪಾದವನ್ನು ಒತ್ತಿತು.

"ಮೀನು!" ಎಂದ ಗಂಡ. "ನಮ್ಮನೆಯವಳು ಇಲ್ಲಿ ಬೇರೇನೂ ಮುಟ್ಟಲ್ಲ. ಅಮ್ಮಂದು ಹಾಗೇ ಇದೆ, ಕೈ ಹಾಕಿಲ್ಲ. ತಗೊಳ್ಳಿ, ರುಚಿ ನೋಡಿ. ಬಸುರಿ ಬಾಯಿ, ಆಸೆ ಆಗಿರುತ್ತೆ."

"ಅಯ್ಯೋ, ಬೇಡ..."

"ಸಂಕೋಚ ಯಾಕಮ್ಮಾ?" ಅತ್ತೆ ತಟ್ಟೆಯನ್ನು ತಾವೇ ದಾಟಿಸಿದರು.

ಬಸುರಿ ಇವಳ ಮುಖ ನೋಡಿದಳು. ಇವಳ ತಲೆ ತಾನಾಗಿಯೇ ಆಡಿತು, ಹೂಂ ಎನ್ನುವಂತೆ. ವರ್ಷಗಳ ರೂಢಿ. ತನ್ನ ಮೇಲೇ ಹೇಸಿಗೆ ಉಕ್ಕಿತು. ಮೀನಿಗಿಂತ ಆ ರುಚಿಯೇ ಹೆಚ್ಚು ಕೊಳೆತಿತ್ತು.

ಬಸುರಿ ಮುಳ್ಳು ಬಿಡಿಸಿ ಒಂದು ತುಂಡನ್ನು ಬೆರಳಲ್ಲಿ ಎತ್ತಿದಳು. ತನ್ನ ಬಾಯಿಗಲ್ಲ.

"ಎಲ್ಲಿ ಕಂದಾ, ಆ ಅನ್ನು."

ಪುಟ್ಟಿ ಬಾಯಿ ತೆರೆಯಿತು.

ಇವಳು ದಡಕ್ಕನೆ ಎದ್ದು ನಿಂತಳು. ಗಾಜಿನಾಚೆಯ ಸಾಲಿಗೆಲ್ಲ ಕಾಣುವಂತೆ, ಬಾಯಲ್ಲಿದ್ದುದನ್ನು ಥೂ ಎಂದು ತಟ್ಟೆಗೆ ಉಗುಳಿದಳು.

"ತಿನ್ನಿಸ್ಬೇಡಮ್ಮಾ! ಕೊಳೆತಿದೆ!"

ಬಸುರಿಯ ಕೈ ಅಲ್ಲೇ ನಿಂತಿತು. ಗಂಡನ ಮುಖ ಸುಣ್ಣ ಬಳಿದಂತಾಯಿತು. ಮಾಣಿ ಮೊದಲ ಸಲ ಅವಳ ಮುಖ ನೋಡಿದ.

ಪುಟ್ಟಿ ಮೆನು ಕಾರ್ಡನ್ನು ಎತ್ತಿ ಹಿಡಿದು ಕೂಗಿತು: "ಅಮ್ಮಾ, ಬೋರ್ಡಲ್ಲಿ ನಗ್ತಿರೋ ಆಂಟೀನೇ ಉಗುಳಿಬಿಟ್ರು!"