ಕಳೆದ ತಿಂಗಳ ಕೊರತೆ

ಸಮೀಕ್ಷೆಯ ಪ್ರಶ್ನೆಗಳಿಗೆ ಉತ್ತರ ಹೇಳಲು ಬರಬೇಕಿದ್ದ ಮನುಷ್ಯ ಸಮಯಕ್ಕೆ ಸರಿಯಾಗಿ ಕೈಕೊಟ್ಟ. ಪ್ರೊಫೆಸರ್ ಮೇಡಂ ಪರೀಕ್ಷೆಯ ಕೋಣೆಯ ಬಾಗಿಲು ತೆಗೆದು ಹೊರಗೆ ಇಣುಕಿದರು. ಕಾರಿಡಾರಿನ ಬೆಂಚಿನ ಮೇಲೆ ಊಟದ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಒಬ್ಬ ವಯಸ್ಸಾದ ಹೆಂಗಸು ನೆಟ್ಟಗೆ ಕೂತಿದ್ದರು.

"ಅವರು ಯಾರು?"

"ನಮ್ಮತ್ತೆ, ಮೇಡಂ," ಎಂದಳು ಪರೀಕ್ಷೆಗೆ ಕೂತವಳು.

"ಒಳಗೆ ಕರಿ, ಅವರನ್ನೇ ಕೇಳು. ಮನೆಯವರ ಮುಂದೆ ಮುಖ ಬಿಗಿಹಿಡಿದ್ರೆ ಊರವರ ಮುಂದೆ ಏನೂ ಭಯ ಇಲ್ಲ."

ಸೊಸೆ ಎದ್ದು ಹೋಗಿ ಅತ್ತೆಯನ್ನು ಕರೆದಳು. ಅಭಿವೃದ್ಧಿ ಅರ್ಥಶಾಸ್ತ್ರದ ಎಂ.ಎ.ಯಲ್ಲಿ ಲೆಕ್ಕ, ಸಿದ್ಧಾಂತ, ಸರ್ಕಾರದ ನೀತಿ ಎಲ್ಲವನ್ನೂ ನೀರು ಕುಡಿದಷ್ಟು ಸಲೀಸಾಗಿ ಮುಗಿಸಿದವಳು ಅವಳು. ಕಾಲು ಸಿಕ್ಕಿಹಾಕಿಕೊಂಡದ್ದು ಇದೊಂದರಲ್ಲಿ: ಮನೆಮನೆ ಸಮೀಕ್ಷೆಯ ಪರೀಕ್ಷೆ. ಪ್ರಶ್ನೆ ಕೇಳುವವರು ನಗಬಾರದು, ಹುಬ್ಬೇರಿಸಬಾರದು, ತಲೆ ಕೂಡ ಆಡಿಸಬಾರದು. ಕೇಳುವವರ ಮುಖ ನೋಡಿ ಜನ ಉತ್ತರ ಬದಲಿಸಿದರೆ ಸಮೀಕ್ಷೆ ಕೆಟ್ಟಿತು ಎನ್ನುವುದು ಮೇಡಂ ಹಟ. ಇವಳೋ, ಕ್ಲಾಸಿನಲ್ಲಿ 'ಕಿಲಕಿಲ' ಎಂದೇ ಹೆಸರಾದವಳು. ಹೋದ ಸಲ ಒಬ್ಬ ಯಜಮಾನರು "ಫ್ರಿಜ್ ಇದೆಯಮ್ಮ, ಕೆಟ್ಟಿದೆ, ಚಪ್ಪಲಿ ಇಡ್ತೀವಿ" ಎಂದದ್ದೇ ತಡ, ಮೇಜಿಗೆ ತಲೆ ಹಚ್ಚಿ ನಕ್ಕುಬಿಟ್ಟಿದ್ದಳು. ಯಜಮಾನರು ಮುಖ ದಪ್ಪ ಮಾಡಿಕೊಂಡು ಎದ್ದು ಹೋದರು, ಇವಳು ಫೇಲು. ಈ ಸಲವೂ ಹಾಗೇ ಆದರೆ ಜೊತೆಯವರೆಲ್ಲ ಸಮೀಕ್ಷೆಗೆ ಹಳ್ಳಿಗಳ ಕಡೆ ಹೊರಡುತ್ತಾರೆ, ಇವಳ ಪದವಿ ಇನ್ನೊಂದು ವರ್ಷ ಮುಂದಕ್ಕೆ.

ಅದಕ್ಕೇ ಒಂದು ತಿಂಗಳಿಂದ ಮನೆಯಲ್ಲಿ ನಗದಿರುವ ಅಭ್ಯಾಸ ನಡೆದಿತ್ತು. ಗಂಡ ಏನೇ ತಮಾಷೆ ಮಾಡಲಿ, ಇವಳದು ಒಂದೇ ಮುಖ. ಅತ್ತೆ ಮಾತ್ರ ಹೂಂ ಉಹೂಂ ಅನ್ನಲಿಲ್ಲ. ನಿವೃತ್ತ ಹೆಡ್ ನರ್ಸ್ ಅವರು; ವಾರ್ಡಿಗೆ ಕಾಲಿಟ್ಟರೆ ನರಳುವವರೂ ಬಾಯಿ ಮುಚ್ಚುತ್ತಿದ್ದರಂತೆ. ಇವತ್ತು ಬೆಳಿಗ್ಗೆ ತಾವಾಗಿಯೇ ಜೊತೆಗೆ ಹೊರಟು, ಬಸ್ಸಿನಲ್ಲಿ ಒಂದೇ ಮಾತು ಹೇಳಿದ್ದರು: "ನಗು ಬಂದ್ರೆ ನನ್ನ ಮುಖ ನೆನಸ್ಕೋ." ಈಗ ಆ ಮುಖವೇ ಎದುರಿಗೆ ಬಂದು ಕೂತಿತು.

"ನಮಸ್ಕಾರ," ಎಂದಳು ಸೊಸೆ, ಗುರುತೇ ಇಲ್ಲದವರಿಗೆ ಹೇಳುವ ಹಾಗೆ. "ನಮಸ್ಕಾರ," ಎಂದರು ಅತ್ತೆ, ಅವರೂ ಹಾಗೆಯೇ.

ಮನೆಯಲ್ಲಿ ಎಷ್ಟು ಜನ, ನೀರು ಎಲ್ಲಿಂದ, ಅಡುಗೆಗೆ ಯಾವ ಒಲೆ? ಅತ್ತೆ ಔಷಧಿ ಅಳೆದು ಕೊಟ್ಟ ಹಾಗೆ ಉತ್ತರ ಕೊಟ್ಟರು. ಮೂಲೆಯಲ್ಲಿ ಮೇಡಂ ಟಿಕ್ ಹಾಕುತ್ತಾ ಹೋದರು. ಸೊಸೆಗೆ ಹೋದ ಜೀವ ಬಂತು. ಇನ್ನು ಉಳಿದದ್ದು ಕೊರತೆಯ ಪ್ರಶ್ನೆಗಳು; ಅದರಲ್ಲಿ ನಗುವಂಥದ್ದು ಏನಿರುತ್ತದೆ ಮಹಾ?

"ಕಳೆದ ಒಂದು ತಿಂಗಳಲ್ಲಿ ನಿಮ್ಮ ಮನೆಯಲ್ಲಿ ಏನಾದರೂ ಕೊರತೆ ಆಗಿತ್ತಾ?"

"ಆಗಿತ್ತು."

ಅಡುಗೆಮನೆಯ ಡಬ್ಬಗಳೆಲ್ಲ ತುಂಬಿವೆಯಲ್ಲ, ಇನ್ನೇನು ಕೊರತೆ ಎಂದು ಸೊಸೆಗೆ ಗಾಬರಿ. ತೋರಿಸುವ ಹಾಗಿಲ್ಲ. "ಯಾವುದರ ಕೊರತೆ?"

"ನಗುವಿನದು. ನನ್ನ ಸೊಸೆ ಒಬ್ಬಳಿದಾಳೆ, ಮನೆಗೆಲ್ಲ ಅವಳದೇ ಸಪ್ಲೈ. ತಿಂಗಳಿಂದ ನಿಲ್ಲಿಸಿಬಿಟ್ಟಿದಾಳೆ."

ಸೊಸೆಯ ತುಟಿ ಅದುರಿತು. ಮೇಜಿನಡಿಯಲ್ಲಿ ತೊಡೆ ಚಿವುಟಿಕೊಂಡಳು. ಮುಂದಿನ ಪ್ರಶ್ನೆ ಬಿಡುವಂತಿಲ್ಲ, ಬದಲಿಸುವಂತೆಯೂ ಇಲ್ಲ; ಅದೂ ನಿಯಮವೇ.

"ಕೊರತೆ ನೀಗಿಸೋಕೆ ಅಕ್ಕಪಕ್ಕದ ಮನೆಯಿಂದ ಕಡ ತಂದಿರಾ?"

"ಕೇಳಿ ನೋಡೋಣ ಅಂತ ಹೋಗಿದ್ದೆ. ಅಲ್ಲಿ ಗಂಡ ಹೆಂಡತಿ ಮಾತು ಬಿಟ್ಟು ವಾರ ಆಯ್ತು. ಅವರಿಗೇ ಗತಿ ಇಲ್ಲ."

ಮೇಡಂ ಪೆನ್ನು ನಿಂತಿತು.

"ಹಾಗಾದರೆ ಇದ್ದುದರಲ್ಲೇ ಸುಧಾರಿಸಿದಿರಾ?"

"ಹೂಂ. ನನ್ನ ಮಗ ಹಳೇ ಜೋಕನ್ನೇ ದಿನಾ ಬಿಸಿ ಮಾಡಿ ಬಡಿಸ್ತಿದ್ದ. ಯಾರಿಗೂ ಸೇರಲಿಲ್ಲ."

ಮೂಲೆಯಿಂದ ಸೀನಿನಂಥ ಸದ್ದು ಬಂತು. ಮೇಡಂ ಕರವಸ್ತ್ರದಿಂದ ಬಾಯಿ ಒತ್ತಿ ಹಿಡಿದಿದ್ದರು, ಹೆಗಲು ಕುಲುಕುತ್ತಿತ್ತು. ಸೊಸೆ ಮಾತ್ರ ಕಲ್ಲಿನಂತೆ ಕೂತಿದ್ದಳು. ಮದುವೆಯಾಗಿ ಬಂದಾಗಿನಿಂದ ಈ ಅತ್ತೆ "ಏನದು ಹಲ್ಲು ಕಿರಿಯೋದು" ಎಂದವರೇ ಹೊರತು, ನೀನು ನಕ್ಕರೆ ಚೆಂದ ಎಂದವರಲ್ಲ. ಸಂತೋಷವನ್ನು ತೋರಗೊಡದೆ ಸೊಸೆ ಹಾಳೆ ತಿರುಗಿಸಿದಳು. ಒಂದೇ ಒಂದು ಪ್ರಶ್ನೆ ಉಳಿದಿತ್ತು.

"ಈ ಕೊರತೆಯಿಂದ ಮನೆಯಲ್ಲಿ ಹೆಚ್ಚು ತೊಂದರೆ ಆಗಿದ್ದು ಯಾರಿಗೆ?"

ಅತ್ತೆ ಡಬ್ಬಿಯ ಮುಚ್ಚಳವನ್ನು ಒತ್ತಿ ಭದ್ರ ಮಾಡಿದರು.

"ನನಗೆ," ಎಂದರು.

"ಮಾತಾಡಿದ್ದಕ್ಕೆ ಧನ್ಯವಾದ," ಎಂದು ಸೊಸೆ ಕಾಗದ ಮಡಚಿದಳು. ದನಿ ಕೂಡ ನಡುಗಲಿಲ್ಲ.

ಮೇಡಂ ಕಣ್ಣೊರೆಸಿಕೊಂಡು ಎದ್ದರು. "ಪಾಸು ಕಣಮ್ಮ. ನಿನ್ನ ಜಾಗದಲ್ಲಿ ನಾನಿದ್ದಿದ್ರೆ ಫೇಲಾಗ್ತಿದ್ದೆ."

ತಿಂಗಳಿಡೀ ಕೂಡಿಹಾಕಿದ್ದ ನಗು ಆಗ ಕಟ್ಟೆಯೊಡೆಯಿತು. ಸೊಸೆ ಅತ್ತೆಯ ಭುಜಕ್ಕೆ ಒರಗಿ ನಕ್ಕಳು, ನಗುನಗುತ್ತಲೇ ಅತ್ತಳು, ಮತ್ತೆ ನಕ್ಕಳು. ಪಕ್ಕದ ಕೋಣೆಯಲ್ಲಿ ಪಾಠ ನಿಂತು, ಯಾರೋ ಬಾಗಿಲಿಗೆ ಬಂದು ಇಣುಕಿದರು.

ಅತ್ತೆಯ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಸೊಸೆಯ ಬೆನ್ನ ಮೇಲೆ ಕೈಯಿಟ್ಟುಕೊಂಡೇ ಮೇಡಂ ಕಡೆ ತಿರುಗಿ ಹೇಳಿದರು:

"ಬರ್ಕೊಳ್ಳಿ ಮೇಡಂ. ಕೊರತೆ ನೀಗಿತು."