ಕಿವಿಗೆ ಎರಡು ಹನಿ ಜರ್ಮನ್

ಧಾರವಾಡದ ತರಬೇತಿ ಶಿಬಿರದಲ್ಲಿ ವಿದೇಶಿ ಭಾಷೆ ಕಲಿಸಬೇಕಾದ ಶಿಕ್ಷಕರಿಗೆ ಆ ವರ್ಷದ ಹನಿ ಹಾಕುತ್ತಿದ್ದರು. ಕಿವಿಗೆ ಎರಡು ಹನಿ ಬಿಟ್ಟರೆ ಅರ್ಧ ಗಂಟೆಯಲ್ಲಿ ಹೊಸ ಭಾಷೆ ಬಾಯಿಗೆ ಬರುತ್ತಿತ್ತು. ಆ ಭಾಷೆಯನ್ನು ಮೊದಲೇ ಓದಿ ಕಲಿತವರಿಗೆ ಮಾತ್ರ ಅದು ಹತ್ತುತ್ತಿರಲಿಲ್ಲ. ಹಾಗಾಗಿ ಹತ್ತೊಂಬತ್ತು ವರ್ಷ ಜರ್ಮನ್ ಕಲಿಸಿದ್ದ ನಿರುಪಮಾ ಕಟ್ಟಿಯವರು ಸುಮ್ಮನೆ ಕೂತು ನೋಡುತ್ತಿದ್ದರು.

ಅವರದೇ ಶಾಲೆಯ ಶೈಲಜಾ ಅಂಗಡಿ ಕಿವಿಯಿಂದ ಹತ್ತಿ ತೆಗೆದು ಜರ್ಮನ್ ಮಾತಾಡತೊಡಗಿದಳು. ನಿನ್ನೆಯವರೆಗೆ ಅವಳು ಹೊಲಿಗೆ ಕಲಿಸುತ್ತಿದ್ದವಳು. ಒಂದಾದರೂ ತಪ್ಪು ಸಿಕ್ಕೀತೆಂದು ನಿರುಪಮಾ ಕಾದರು. ಸಿಗಲಿಲ್ಲ. ಅವರ ಉಚ್ಚಾರಕ್ಕಿಂತ ಅವಳದೇ ಚೆನ್ನಾಗಿತ್ತು.

"ಹತ್ತನೇ ಕ್ಲಾಸಿನ ಜರ್ಮನ್ ಈ ವರ್ಷ ಶೈಲಜಾ ಅವರಿಗೇ ಕೊಡೂಣ್ರಿ," ಎಂದರು ಜೊತೆಗೆ ಬಂದಿದ್ದ ಅವರ ಶಾಲೆಯ ಮುಖ್ಯೋಪಾಧ್ಯಾಯರು. ಅಲ್ಲಿಯವರೆಗೆ ಅದು ನಿರುಪಮಾ ಅವರ ತರಗತಿಯಾಗಿತ್ತು.

ಶೈಲಜಾ ಕುರ್ಚಿ ಹತ್ತಿರ ಎಳೆದುಕೊಂಡಳು. "ಮೇಡಮ್ಮಾರ, ಜರ್ಮನ್‌ದಾಗ ಹುಡುಗಿಗೆ 'ಅದು' ಅಂತಾರಲ್ರಿ, ಯಾಕ? ಮಾತು ಬರ್ತೈತಿ, ಕಾರಣ ಗೊತ್ತಿಲ್ಲ. ಹುಡುಗೂರು ಕೇಳಿದ್ರ ಏನ್ ಹೇಳ್ಲಿ?"

ಪುಟ್ಟದೆಂದು ತೋರಿಸುವ ಪ್ರತ್ಯಯ ಸೇರಿದ ಪದಗಳೆಲ್ಲ ಜರ್ಮನ್‌ನಲ್ಲಿ ನಪುಂಸಕವೇ; ಹುಡುಗಿ ಎಂಬ ಪದದಲ್ಲೂ ಆ ಪ್ರತ್ಯಯವಿದೆ. ನಿರುಪಮಾ ಪ್ರತಿವರ್ಷ ಮೊದಲ ವಾರದಲ್ಲೇ ಹೇಳಿಕೊಡುವ ಪಾಠ ಅದು. ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು.

"ಅದು ನನಗೂ ಗೊತ್ತಿಲ್ಲ ನೋಡವಾ," ಎಂದರು.

ಕಲಿಯಬೇಕೆಂದು ಕೇಳಿದವರೊಬ್ಬರನ್ನು ಅವರು ಬರಿಗೈಯಲ್ಲಿ ಕಳಿಸಿದ್ದು ಅದೇ ಮೊದಲು.